ತೆಗೆದ ಚೂರು, ಉಳಿದ ಕುಳಿ



ಈ ವರ್ಷದ ಉಪನ್ಯಾಸಕ್ಕೆ ಆರಿಸಿಕೊಂಡಿರುವ ವಿಷಯ ಗಾತ್ರದಲ್ಲಿ ಬಹಳ ಚಿಕ್ಕದು. ಮಂಡಿಯ ಕೀಲಿನೊಳಗೆ ಕಳಚಿಕೊಂಡು ಓಡಾಡುವ ಮೃದ್ವಸ್ಥಿಯ ಒಂದು ಚೂರು. ಕೆಲವರಲ್ಲಿ ಅದು ಅವರೆಕಾಳಿನಷ್ಟಿರುತ್ತದೆ, ಕೆಲವರಲ್ಲಿ ಹೆಬ್ಬೆರಳಿನ ಉಗುರಿಗಿಂತ ದೊಡ್ಡದಿರುತ್ತದೆ. ಅದನ್ನು ಹೊರತೆಗೆಯುವ ಶಸ್ತ್ರಚಿಕಿತ್ಸೆ ಒಂದು ಗಂಟೆಯೊಳಗೆ ಮುಗಿಯಬಹುದು, ರೋಗಿ ಅಂದೇ ಸಂಜೆ ಮನೆಗೂ ಹೋಗಬಹುದು. ಹಿಡಿದುಕೊಂಡಿದ್ದ ಮಂಡಿ ಬಿಡುತ್ತದೆ, ಊತ ಇಳಿಯುತ್ತದೆ, ಮನೆಯವರು ನಿಟ್ಟುಸಿರು ಬಿಡುತ್ತಾರೆ. ಹೆಚ್ಚಿನವರ ಮಟ್ಟಿಗೆ ಕಥೆ ಅಲ್ಲಿಗೆ ಮುಗಿದಂತೆ.

ಆದರೆ 16ನೇ ವಯಸ್ಸಿನಲ್ಲಿ ಚೂರು ತೆಗೆಸಿಕೊಂಡ ಹುಡುಗನ ಮಂಡಿ ಅವನ 50ನೇ ವಯಸ್ಸಿನಲ್ಲಿ ಹೇಗಿರುತ್ತದೆ? ಈ ಪ್ರಶ್ನೆಗೆ ಉತ್ತರ ಸಿಗಬೇಕಾದರೆ ಯಾರಾದರೂ ಮೂವತ್ತು ವರ್ಷ ಕಾದು, ಅದೇ ಜನರನ್ನು ಹುಡುಕಿ ಕರೆದು, ಮತ್ತೆ ಎಕ್ಸ್‌ರೇ ತೆಗೆದು ನೋಡಬೇಕು. ಜಗತ್ತಿನ ಕೆಲವೇ ಊರುಗಳಲ್ಲಿ, ಕೆಲವೇ ವೈದ್ಯರು ಆ ತಾಳ್ಮೆಯ ಕೆಲಸ ಮಾಡಿದ್ದಾರೆ. ಅವರು ಕಂಡದ್ದನ್ನು ಕನ್ನಡದಲ್ಲಿ ಹೇಳುವುದೇ ಇಂದಿನ ಉದ್ದೇಶ. ಚೂರು ಎಲ್ಲಿಂದ ಬರುತ್ತದೆ ಎಂಬುದನ್ನು ಮೊದಲು ನೋಡೋಣ. ಬಳಿಕ, ತೆಗೆಸಿಕೊಂಡವರ ಮಂಡಿಗಳಿಗೆ ದಶಕಗಳಲ್ಲಿ ಏನಾಯಿತು ಎಂಬುದನ್ನು. ಮೂರನೆಯದಾಗಿ, ಚೂರನ್ನು ಮರಳಿ ಕೂರಿಸುವ, ಅದು ಬಿಟ್ಟುಹೋದ ಕುಳಿಯನ್ನು ತುಂಬುವ ಪ್ರಯತ್ನಗಳನ್ನು. ಕೊನೆಗೆ, ನೆಲದ ಮೇಲೆ ಕೂತು ಏಳುವ ನಮ್ಮ ಬದುಕಿಗೆ ಈ ಅಧ್ಯಯನಗಳು ಎಷ್ಟು ಹೊಂದುತ್ತವೆ ಎಂಬುದನ್ನು.

ಮೊದಲಿಗೆ ಚೂರಿನ ಹುಟ್ಟು.

ತೊಡೆಮೂಳೆಯ ಕೆಳತುದಿ ಎರಡು ದುಂಡನೆಯ ಉಬ್ಬುಗಳಾಗಿ ಮುಗಿಯುತ್ತದೆ. ಅವುಗಳ ಮೇಲೆ ಸುಮಾರು 2ರಿಂದ 4 ಮಿ.ಮೀ. ದಪ್ಪದ, ನುಣುಪಾದ ಬಿಳಿ ಹೊದಿಕೆಯಿದೆ. ಅದೇ ಮೃದ್ವಸ್ಥಿ. ಅದರ ತೂಕದಲ್ಲಿ ಬಹುಪಾಲು ನೀರು. ಉಳಿದದ್ದು ಕೊಲಾಜೆನ್ ಎಳೆಗಳ ಹೆಣಿಗೆ, ನೀರನ್ನು ಬಿಗಿಹಿಡಿಯುವ ದೊಡ್ಡ ಅಣುಗಳು ಮತ್ತು ಅಲ್ಲೊಂದು ಇಲ್ಲೊಂದು ಜೀವಕೋಶ. ಅದರಲ್ಲಿ ರಕ್ತನಾಳವೂ ಇಲ್ಲ, ನರವೂ ಇಲ್ಲ. ನರ ಇಲ್ಲದ್ದರಿಂದ ಆರಂಭದ ಹಾನಿ ನೋವಾಗಿ ತಿಳಿಯುವುದಿಲ್ಲ. ರಕ್ತನಾಳ ಇಲ್ಲದ್ದರಿಂದ ಆದ ಗಾಯ ಕೂಡಿಕೊಳ್ಳುವುದಿಲ್ಲ. ನಾಶವಾದ ಮೃದ್ವಸ್ಥಿ ಮತ್ತೆ ಬೆಳೆಯದು ಎಂಬುದನ್ನು ವಿಲಿಯಂ ಹಂಟರ್ 1743ರಲ್ಲೇ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಬರೆದರು. ಇಂದಿನ ಉಪನ್ಯಾಸದ ಎಲ್ಲ ಕಷ್ಟಗಳೂ ಆ ಒಂದು ಸಂಗತಿಯಿಂದ ಹುಟ್ಟಿದವು.

ಕಳಚಿಕೊಂಡ ಚೂರುಗಳಿಗೆ ಹಲವು ಮೂಲಗಳಿವೆ. ಮಂಡಿಚಿಪ್ಪು ಪಕ್ಕಕ್ಕೆ ಜಾರಿದಾಗ ಅಂಚಿನಿಂದ ಒಂದು ಹೋಳು ಹಾರಬಹುದು. ಕೀಲಿನ ಒಳಪೊರೆಯೇ ಹಾದಿ ತಪ್ಪಿ ಹತ್ತಾರು ಮೃದ್ವಸ್ಥಿ ಗುಂಡುಗಳನ್ನು ಬೆಳೆಸುವ ಒಂದು ಅಪರೂಪದ ಕಾಯಿಲೆಯೂ ಉಂಟು. ವಯಸ್ಸಾದವರ ಸವೆದ ಮಂಡಿಯಲ್ಲಿ ಅಂಚಿನ ಮುಳ್ಳುಗಳು ಮುರಿದು ತೇಲಾಡುತ್ತವೆ. ಆದರೆ ಹದಿಹರೆಯದವರಲ್ಲಿ ಮುಖ್ಯ ಕಾರಣ ಬೇರೆಯೇ. ಅದನ್ನು ವೈದ್ಯರು ಆಸ್ಟಿಯೊಕಾಂಡ್ರೈಟಿಸ್ ಡಿಸೆಕಾನ್ಸ್ ಎನ್ನುತ್ತಾರೆ, ಚಿಕ್ಕದಾಗಿ ಓಸಿಡಿ. ಮನೋರೋಗದ ಓಸಿಡಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ.

ಇದರಲ್ಲಿ ಕೆಡುವುದು ಮೊದಲು ಮೃದ್ವಸ್ಥಿಯಲ್ಲ, ಅದರ ಕೆಳಗಿನ ಮೂಳೆ. ಒಂದು ಚಿಕ್ಕ ಪ್ರದೇಶಕ್ಕೆ ರಕ್ತ ಸಾಲದೆ, ಅಥವಾ ಮತ್ತೆ ಮತ್ತೆ ಬೀಳುವ ಪೆಟ್ಟಿಗೆ ಸೋತು, ಅಲ್ಲಿನ ಮೂಳೆ ಸುತ್ತಲಿನ ಮೂಳೆಯಿಂದ ಬೇರೆಯಾಗತೊಡಗುತ್ತದೆ. ಮೇಲಿನ ಮೃದ್ವಸ್ಥಿ ಕೆಲಕಾಲ ಅದನ್ನು ಹಿಡಿದಿಡುತ್ತದೆ. ಆಮೇಲೆ ಅಂಚು ಬಿರಿಯುತ್ತದೆ. ಒಂದು ದಿನ ಮೂಳೆಯ ಪದರದ ಸಮೇತ ಇಡೀ ತುಂಡು ಕೀಲಿನೊಳಗೆ ಬೀಳುತ್ತದೆ. ಒಳಬದಿಯ ಉಬ್ಬಿನ ನಡುಭಾಗಕ್ಕೆ ಹತ್ತಿರದ ಅಂಚು ಇದರ ಮಾಮೂಲಿ ಜಾಗ. ದಕ್ಷಿಣ ಕ್ಯಾಲಿಫೋರ್ನಿಯಾದ ದೊಡ್ಡ ಆರೋಗ್ಯ ಯೋಜನೆಯೊಂದರ ದಾಖಲೆಗಳಿಂದ 2014ರಲ್ಲಿ ಪ್ರಕಟವಾದ ಲೆಕ್ಕದಂತೆ, 6ರಿಂದ 19 ವರ್ಷದವರಲ್ಲಿ ಲಕ್ಷಕ್ಕೆ 15.4 ಹುಡುಗರಿಗೆ, 3.3 ಹುಡುಗಿಯರಿಗೆ ಇದು ಕಾಣಿಸಿಕೊಂಡಿತ್ತು. ಓಟ, ನೆಗೆತ, ತಿರುವು ಹೆಚ್ಚಿರುವ ಆಟಗಾರರಲ್ಲಿ ಹೆಚ್ಚು.

ಕಾರಣದ ಹುಡುಕಾಟಕ್ಕೆ ಉದ್ದದ ಇತಿಹಾಸವಿದೆ. 16ನೇ ಶತಮಾನದ ಫ್ರೆಂಚ್ ಶಸ್ತ್ರವೈದ್ಯ ಆಂಬ್ರ್ವಾಸ್ ಪಾರೆ ಮಂಡಿಯಿಂದ ಇಂಥ ಚೂರು ತೆಗೆದದ್ದನ್ನು ಬರೆದಿಟ್ಟಿದ್ದಾನೆ. 1870ರಲ್ಲಿ ಲಂಡನ್ನಿನ ಜೇಮ್ಸ್ ಪ್ಯಾಜೆಟ್, ಸದ್ದಿಲ್ಲದೆ ಮೂಳೆ ಸತ್ತು ಚೂರು ಉದುರುತ್ತದೆ ಎಂದು ವಿವರಿಸಿದರು. 1887-88ರಲ್ಲಿ ಜರ್ಮನಿಯ ಫ್ರಾಂಟ್ಸ್ ಕೋನಿಗ್ ಇದರ ಹಿಂದೆ ಉರಿಯೂತವಿದೆಯೆಂದು ಊಹಿಸಿ ಅದಕ್ಕೆ ತಕ್ಕ ಹೆಸರಿಟ್ಟರು. ಸೂಕ್ಷ್ಮದರ್ಶಕದಡಿ ನೋಡಿದವರಿಗೆ ಉರಿಯೂತ ಕಾಣಲಿಲ್ಲ, ಹೆಸರು ಮಾತ್ರ ನಿಂತಿತು.

ಬಿದ್ದ ಚೂರಿಗೆ ಮುಂದೇನಾಗುತ್ತದೆ ಎಂಬುದು ವಿಸ್ಮಯದ ಸಂಗತಿ. ಅದರ ಮೂಳೆಯ ಭಾಗ ರಕ್ತವಿಲ್ಲದೆ ಸಾಯುತ್ತದೆ. ಮೃದ್ವಸ್ಥಿಯ ಭಾಗ ಸಾಯುವುದಿಲ್ಲ. ಕೀಲಿನ ದ್ರವವೇ ಅದರ ಆಹಾರವಾದ್ದರಿಂದ ತೇಲಾಡುತ್ತಲೇ ಬದುಕುತ್ತದೆ, ಪದರ ಪದರವಾಗಿ ಬೆಳೆಯುತ್ತದೆ ಕೂಡ. ತಿಂಗಳುಗಳು ಕಳೆದಂತೆ ಚೂರು ದುಂಡಗಾಗುತ್ತದೆ, ದಪ್ಪವಾಗುತ್ತದೆ. ಅದು ಬಿಟ್ಟುಬಂದ ಕುಳಿಯ ತಳದಲ್ಲಿ ಅಷ್ಟರೊಳಗೆ ನಾರಿನಂಥ ಅಂಗಾಂಶ ತುಂಬಿಕೊಂಡಿರುತ್ತದೆ. ಹೀಗೆ ಚೂರಿಗೂ ಅದರ ಮೂಲ ಜಾಗಕ್ಕೂ ಹೊಂದಿಕೆ ತಪ್ಪುತ್ತ ಹೋಗುತ್ತದೆ. ಶಸ್ತ್ರಚಿಕಿತ್ಸೆಯ ಹೊತ್ತಿಗೆ ವೈದ್ಯರ ಮುಂದೆ ಎಷ್ಟು ದಾರಿಗಳು ತೆರೆದಿರುತ್ತವೆ ಎಂಬುದು ಬಹುಮಟ್ಟಿಗೆ ಈ ಕಳೆದ ಕಾಲವನ್ನೇ ಅವಲಂಬಿಸಿದೆ.

ಚೂರು ಇನ್ನೂ ಬಿದ್ದಿಲ್ಲದ ಹಂತದ ಬಗ್ಗೆ ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಬೆಳೆಯುವ ಮಕ್ಕಳಲ್ಲಿ, ಮೃದ್ವಸ್ಥಿಯ ಮೇಲ್ಮೈ ಬಿರಿಯದೆ ಇದ್ದಾಗ, ಆಟ ನಿಲ್ಲಿಸಿ ಕಾಲಿಗೆ ವಿಶ್ರಾಂತಿ ಕೊಟ್ಟರೆ ಮೂಳೆ ತಾನೇ ಕೂಡಿಕೊಳ್ಳುವ ಸಾಧ್ಯತೆ ಚೆನ್ನಾಗಿದೆ. ಅಮೆರಿಕದ ಸಿನ್ಸಿನಾಟಿಯಲ್ಲಿ ಎರಿಕ್ ವಾಲ್ ಮತ್ತು ಸಂಗಡಿಗರು ಇಂಥ 47 ಮಂಡಿಗಳನ್ನು ಗಮನಿಸಿ 2008ರಲ್ಲಿ ವರದಿ ಮಾಡಿದರು. ಆರು ತಿಂಗಳಲ್ಲಿ ಸುಮಾರು ಮೂರರಲ್ಲಿ ಎರಡು ಮಂಡಿಗಳು ವಾಸಿಯಾಗುವ ಹಾದಿಯಲ್ಲಿದ್ದವು. ಮಂಡಿ ನೋವೆನ್ನುವ 12 ವರ್ಷದ ಮಗುವಿಗೆ 'ಬೆಳೆಯೋ ವಯಸ್ಸಿನ ನೋವು, ಸರಿಹೋಗುತ್ತೆ' ಎಂದು ಹೇಳಿ ಮೈದಾನಕ್ಕೆ ಅಟ್ಟುವ ಪೋಷಕರೂ ತರಬೇತುದಾರರೂ ಈ ಅವಕಾಶವನ್ನು ಕೈಬಿಡುತ್ತಿದ್ದಾರೆ. ತಿಂಗಳುಗಟ್ಟಲೆ ಬಿಡದ ನೋವಿಗೆ ಒಂದು ಎಕ್ಸ್‌ರೇ ಬೇಕು. ಅದೂ ಮಂಡಿಯನ್ನು ತುಸು ಮಡಚಿ ತೆಗೆದದ್ದು, ಏಕೆಂದರೆ ನೇರ ಕಾಲಿನ ಚಿತ್ರದಲ್ಲಿ ಈ ಜಾಗ ಮರೆಯಾಗಿಬಿಡಬಹುದು.

ಇನ್ನು ಎರಡನೆಯ ವಿಷಯ. ಚೂರು ತೆಗೆಸಿಕೊಂಡವರ ಕಥೆ.

ಹಿಂದೆ ಮಂಡಿಯನ್ನು ತೆರೆಯುವುದೆಂದರೆ ಪ್ರಾಣದ ಪಣ. ಒಳಗೆ ಕೀವಾದರೆ ಕಾಲು ಹೋಗುತ್ತಿತ್ತು, ಜೀವವೂ ಹೋಗುತ್ತಿತ್ತು. 1877ರಲ್ಲಿ ಜೋಸೆಫ್ ಲಿಸ್ಟರ್ ಲಂಡನ್ನಿನಲ್ಲಿ ಕ್ರಿಮಿನಾಶಕ ವಿಧಾನ ಬಳಸಿ ಮುರಿದ ಮಂಡಿಚಿಪ್ಪನ್ನು ತಂತಿಯಿಂದ ಬಿಗಿದು ತೋರಿಸಿದ ಮೇಲೆ ಆ ಭಯ ಇಳಿಯತೊಡಗಿತು. ಕೊಳವೆಯ ಮೂಲಕ ಕೀಲಿನ ಒಳಗನ್ನು ನೋಡುವ ದಾರಿಯನ್ನು 1918ರಲ್ಲಿ ಟೋಕಿಯೊದ ಕೆಂಜಿ ತಕಾಗಿ ಶವದ ಮಂಡಿಯಲ್ಲಿ ಪರೀಕ್ಷಿಸಿದರು. ಅವರ ಶಿಷ್ಯ ಮಸಾಕಿ ವಾತಾನಾಬೆ ಯುದ್ಧದಿಂದ ಜರ್ಜರಿತವಾದ ಅದೇ ಊರಿನಲ್ಲಿ ಅದನ್ನು ನಿಜವಾದ ಶಸ್ತ್ರಚಿಕಿತ್ಸೆಯ ಸಾಧನವಾಗಿಸಿದರು. 1964ರ ಹೊತ್ತಿಗೆ ಟೊರಾಂಟೊದ ರಾಬರ್ಟ್ ಜಾಕ್ಸನ್ ಅವರಿಂದ ಕಲಿತು ಆ ವಿದ್ಯೆಯನ್ನು ಉತ್ತರ ಅಮೆರಿಕಕ್ಕೆ ಒಯ್ದರು. ಇಂದು ನಮ್ಮ ಜಿಲ್ಲಾ ಕೇಂದ್ರಗಳಲ್ಲೂ ಕೇಳಿಬರುವ ಆರ್ತ್ರೋಸ್ಕೋಪಿಯ ವಂಶಾವಳಿ ಇದು.

ಶಸ್ತ್ರಚಿಕಿತ್ಸೆಯ ಕೊಠಡಿಯೊಳಗೆ ನಡೆಯುವುದನ್ನು ತುಸು ಹತ್ತಿರದಿಂದ ನೋಡಬಹುದು. ಮಂಡಿಚಿಪ್ಪಿನ ಕೆಳಗೆ, ಎರಡೂ ಬದಿಗೆ, ಸೆಂಟಿಮೀಟರಿಗಿಂತ ಚಿಕ್ಕ ಎರಡು ತೂತು. ಒಂದರಲ್ಲಿ ಕ್ಯಾಮೆರಾ, ಇನ್ನೊಂದರಲ್ಲಿ ಉಪಕರಣ. ಉಪ್ಪುನೀರು ಹರಿದುಬಂದು ಕೀಲು ಉಬ್ಬುತ್ತದೆ. ಪರದೆಯ ಮೇಲೆ ತಿಳಿಗುಲಾಬಿ ಗೋಡೆಗಳ ನಡುವೆ ಮುತ್ತಿನಂತೆ ಹೊಳೆಯುವ ಚೂರು ಕಾಣುತ್ತದೆ. ಇಕ್ಕಳ ಹತ್ತಿರ ಹೋಗುತ್ತಲೇ ನೀರಿನ ಸೆಳೆತಕ್ಕೆ ಸಿಕ್ಕಿ ಅದು ಮಂಡಿಚಿಪ್ಪಿನ ಮೇಲಿನ ಚೀಲಕ್ಕೋ, ಪಕ್ಕದ ಓಣಿಗೋ, ಹಿಂಬದಿಯ ಸಂದಿಗೋ ಜಾರಿಬಿಡುತ್ತದೆ. ಅನುಭವಿ ವೈದ್ಯರು ಆಗ ನೀರಿನ ಹರಿವನ್ನು ನಿಲ್ಲಿಸುತ್ತಾರೆ. ಚರ್ಮದ ಮೇಲಿನಿಂದ ಒಂದು ಸೂಜಿ ಚುಚ್ಚಿ ಚೂರನ್ನು ನಿಂತಲ್ಲೇ ಹಿಡಿಯುತ್ತಾರೆ. ಹಲ್ಲುಳ್ಳ ಇಕ್ಕಳದಿಂದ ಕಚ್ಚಿ ಎಳೆಯುವ ಮೊದಲು ತೂತನ್ನು ತುಸು ಅಗಲಿಸುತ್ತಾರೆ. ಇಲ್ಲವಾದರೆ ಹೊರಬರುವ ಗಳಿಗೆಯಲ್ಲಿ ಅದು ಚರ್ಮದಡಿಯ ಕೊಬ್ಬಿನಲ್ಲಿ ಕಳೆದುಹೋಗುತ್ತದೆ. ಮಡಚಲಾಗದೆ, ಚಾಚಲಾಗದೆ ಹಿಡಿದುಕೊಂಡಿದ್ದ ಕಾಲು ಮರುದಿನ ಪೂರ್ತಿ ಚಾಚುತ್ತದೆ. ಈ ಪರಿಹಾರ ನಿಜವಾದದ್ದು, ಅದನ್ನು ಯಾರೂ ಕಡಿಮೆ ಮಾಡಿ ನೋಡಬೇಕಿಲ್ಲ.

ಆದರೆ ಕ್ಯಾಮೆರಾ ಅಲ್ಲಿಂದ ತಿರುಗಿ ಉಬ್ಬಿನ ಮೇಲೆ ನಿಂತಾಗ ಕುಳಿ ಕಾಣುತ್ತದೆ. ಮುಂದಿನ ಮೂವತ್ತು ವರ್ಷಗಳನ್ನು ಬರೆಯುವುದು ಈ ಕುಳಿ.

ಸ್ವೀಡನ್ನಿನ ಮಾಲ್ಮೊ ಪಟ್ಟಣದ ವೈದ್ಯ ಲಿಂಡೆನ್ ತಮ್ಮ ಊರಿನ ಹಳೆಯ ರೋಗಿಗಳನ್ನು ಸರಾಸರಿ 33 ವರ್ಷಗಳ ನಂತರ ಪರೀಕ್ಷಿಸಿ 1977ರಲ್ಲಿ ವರದಿ ಪ್ರಕಟಿಸಿದರು. ಅವರ ತೀರ್ಮಾನ ರೋಗಿಗಳನ್ನು ಎರಡು ಗುಂಪಾಗಿ ಒಡೆಯಿತು. ಬಾಲ್ಯದಲ್ಲಿ, ಮೂಳೆಯ ಬೆಳವಣಿಗೆ ಇನ್ನೂ ನಡೆಯುತ್ತಿದ್ದಾಗ ರೋಗ ಬಂದವರ ಮಂಡಿಗಳು ಮುಂದೆಯೂ ಹೆಚ್ಚು ತೊಂದರೆ ಕೊಟ್ಟಿರಲಿಲ್ಲ. ಬೆಳವಣಿಗೆ ಮುಗಿದ ಮೇಲೆ ರೋಗ ಬಂದವರಲ್ಲಿ ಮಂಡಿ ಸವೆತ ಕಾಣಿಸಿಕೊಂಡಿತ್ತು. ಅದೂ ಬೇರೆ ಕಾರಣವಿಲ್ಲದೆ ಮಂಡಿ ಸವೆಯುವವರಿಗಿಂತ ಸುಮಾರು ಹತ್ತು ವರ್ಷ ಮೊದಲೇ.

ಹದಿನಾಲ್ಕು ವರ್ಷಗಳ ಬಳಿಕ, 1991ರಲ್ಲಿ, ಇಂಗ್ಲೆಂಡಿನ ಟ್ವೈಮನ್, ದೇಸಾಯಿ ಮತ್ತು ಏಕ್ರಾತ್ ಅವರ ಅಧ್ಯಯನ ಬಂತು. ಅವರು ಹಿಂಬಾಲಿಸಿದ್ದು ಬೆಳವಣಿಗೆ ಮುಗಿಯುವ ಮೊದಲೇ ರೋಗ ಪತ್ತೆಯಾದ 22 ಮಂಡಿಗಳನ್ನು, ಅದೂ ಸರಾಸರಿ 33 ವರ್ಷಕ್ಕೂ ಹೆಚ್ಚು ಕಾಲ. ಲಿಂಡೆನ್ನರ ಮಾತಿನಂತೆ ಇವೆಲ್ಲ ಚೆನ್ನಾಗಿರಬೇಕಿತ್ತು. ಆದರೆ 32 ಶೇಕಡಾ ಮಂಡಿಗಳ ಎಕ್ಸ್‌ರೇಯಲ್ಲಿ ಮಧ್ಯಮ ಅಥವಾ ತೀವ್ರ ಸವೆತವಿತ್ತು. ಕೆಲಸದ ದೃಷ್ಟಿಯಿಂದ ಚೆನ್ನಾಗಿವೆ ಎನ್ನಬಹುದಾದವು ಅರ್ಧದಷ್ಟೇ. ಕುಳಿ ದೊಡ್ಡದಾಗಿದ್ದವರಿಗೆ, ಹೊರಬದಿಯ ಉಬ್ಬಿನಲ್ಲಿ ರೋಗವಿದ್ದವರಿಗೆ ಹೆಚ್ಚು ಕೆಟ್ಟಿತ್ತು.

ಎರಡೂ ಅಧ್ಯಯನಗಳು ಪ್ರಾಮಾಣಿಕ, ಎರಡೂ ಸಮಾನ ದೀರ್ಘ. ಎರಡನ್ನೂ ಒಟ್ಟಿಗೆ ಇಟ್ಟು ಓದಿದರೆ ತಿಳಿಯುವುದು ಇಷ್ಟು: ಬಾಲ್ಯದಲ್ಲಿ ಬಂದ ರೋಗ ಎಂಬ ಕಾರಣಕ್ಕೆ ನಿಶ್ಚಿಂತರಾಗುವ ಹಾಗಿಲ್ಲ. ಬಾಲ್ಯದಲ್ಲಿ ಬಂದು, ಚೂರು ಬೀಳದೆ ಕೂಡಿಕೊಂಡರೆ ಭವಿಷ್ಯ ಒಳ್ಳೆಯದು. ಬಂದದ್ದು ಬಾಲ್ಯದಲ್ಲೇ ಆದರೂ ಚೂರು ಬಿದ್ದು ದೊಡ್ಡ ಕುಳಿ ಉಳಿದರೆ ವಯಸ್ಸು ಕಾಪಾಡುವುದಿಲ್ಲ. ಆಂಡರ್ಸನ್ ಮತ್ತು ಪಗ್ನಾನಿ 1997ರಲ್ಲಿ ಪ್ರಕಟಿಸಿದ ವರದಿ ಇದಕ್ಕೆ ಪುಷ್ಟಿ ಕೊಡುತ್ತದೆ. ಚೂರನ್ನು ಬರೀ ತೆಗೆದುಹಾಕಿದ 20 ಮಂಡಿಗಳನ್ನು ಅವರು 2ರಿಂದ 20 ವರ್ಷ, ಸರಾಸರಿ 9 ವರ್ಷ ಹಿಂಬಾಲಿಸಿದರು. ಫಲಿತಾಂಶ ಕಿರಿಯರಲ್ಲೂ ಹಿರಿಯರಲ್ಲೂ ಕಳಪೆಯಾಗಿತ್ತು.

ಇನ್ನೂ ವಿಶಾಲವಾದ ಸಾಕ್ಷ್ಯ ಬಂದದ್ದು ಅಮೆರಿಕದ ಮಿನೆಸೋಟ ರಾಜ್ಯದ ಓಮ್‌ಸ್ಟೆಡ್ ಕೌಂಟಿಯಿಂದ. ಮೇಯೊ ಕ್ಲಿನಿಕ್ ಇರುವ ಈ ಪ್ರದೇಶದಲ್ಲಿ ಓಸಿಡಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರನ್ನು ಸ್ಯಾಂಡರ್ಸ್ ಮತ್ತು ಸಂಗಡಿಗರು ಸರಾಸರಿ 16 ವರ್ಷ ಹಿಂಬಾಲಿಸಿ 2017ರಲ್ಲಿ ಬರೆದರು. ಚೂರು ತೆಗೆದುಹಾಕಿದವರಲ್ಲಿ ಮಂಡಿ ಸವೆತ ಹೆಚ್ಚಾಗಿ ಕಂಡಿತು. ಚೂರನ್ನು ಉಳಿಸಿಕೊಂಡವರಲ್ಲಿ ಅಥವಾ ಕುಳಿಯನ್ನು ತುಂಬಿಸಿಕೊಂಡವರಲ್ಲಿ ಕಡಿಮೆ. ದೇಹದ ತೂಕ ಹೆಚ್ಚಿದ್ದವರಿಗೆ ಅಪಾಯವೂ ಹೆಚ್ಚು.

ಹತ್ತು ವರ್ಷ ಮೊದಲೇ ಮಂಡಿ ಸವೆದರೆ ಏನಾಯಿತು, ಬದಲಿ ಮಂಡಿ ಹಾಕಿಸಿದರಾಯಿತು ಎಂದು ಯಾರಿಗಾದರೂ ಅನ್ನಿಸಬಹುದು. ಇದಕ್ಕೆ ಅಂಕಿಗಳೇ ಉತ್ತರ ಹೇಳುತ್ತವೆ. ಬದಲಿ ಮಂಡಿಗಳಲ್ಲಿ 100ಕ್ಕೆ 82ರಷ್ಟು 25 ವರ್ಷ ಬಾಳುತ್ತವೆ ಎಂದು 2019ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ವಿಶ್ಲೇಷಣೆ ಹೇಳಿತು. ಎಪ್ಪತ್ತರ ವಯಸ್ಸಿನವರಿಗೆ ಇದು ಧಾರಾಳ. ಆದರೆ ಐವತ್ತರ ಆರಂಭದಲ್ಲಿ ಹಾಕಿಸಿಕೊಂಡ ಗಂಡಸರಲ್ಲಿ ಸುಮಾರು 35 ಶೇಕಡಾ ಮಂದಿ ಜೀವಮಾನದಲ್ಲಿ ಮತ್ತೊಮ್ಮೆ ಆ ಶಸ್ತ್ರಚಿಕಿತ್ಸೆಗೆ ಒಳಗಾಗಬೇಕಾಗುತ್ತದೆ ಎಂದು ಅದೇ ಪತ್ರಿಕೆಯ 2017ರ ಬ್ರಿಟಿಷ್ ಅಧ್ಯಯನ ಅಂದಾಜಿಸಿತ್ತು. ಎರಡನೆಯ ಸಲ ಮಾಡುವುದು ಮೊದಲಿಗಿಂತ ಕಷ್ಟ, ಖರ್ಚೂ ಹೆಚ್ಚು. ಹದಿನಾರರಲ್ಲಿ ಬಿದ್ದ ಚೂರಿನ ಬಿಲ್ಲು ಐವತ್ತರಲ್ಲಿ ಬರುತ್ತದೆ.

ಸವೆದ ಮಂಡಿಯ ಹಿರಿಯರ ವಿಷಯವನ್ನು ಇದರೊಂದಿಗೆ ಬೆರೆಸಬಾರದು. ಸವೆತದ ಮಂಡಿಯನ್ನು ಆರ್ತ್ರೋಸ್ಕೋಪಿಯಿಂದ ತೊಳೆದು, ಕೆರೆದು, ಚೂರುಗಳನ್ನು ತೆಗೆಯುವುದು ಒಂದು ಕಾಲದಲ್ಲಿ ಭರಾಟೆಯಿಂದ ನಡೆಯಿತು. 2002ರಲ್ಲಿ ಹ್ಯೂಸ್ಟನ್ನಿನ ಬ್ರೂಸ್ ಮೋಸ್ಲಿ ಮತ್ತು ಸಂಗಡಿಗರು 180 ರೋಗಿಗಳಲ್ಲಿ ಕೆಲವರಿಗೆ ಬರೀ ಚರ್ಮ ಕೊಯ್ದು ಹೊಲಿದು, ಒಳಗೆ ಏನನ್ನೂ ಮಾಡದೆ ಹೋಲಿಸಿ ನೋಡಿದರು. ಎರಡು ವರ್ಷದ ಕೊನೆಗೂ ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. ಮಂಡಿ ನಿಜವಾಗಿ ಹಿಡಿದುಕೊಂಡು ನಿಂತುಬಿಡುತ್ತಿದ್ದರೆ ಮಾತು ಬೇರೆ. ಬರೀ ಸವೆತಕ್ಕೆ, ಎಕ್ಸ್‌ರೇಯಲ್ಲಿ ಒಂದು ಚೂರು ಕಂಡಿತೆಂಬ ಕಾರಣಕ್ಕೆ ಕ್ಯಾಮೆರಾ ಹಾಕಿಸಿಕೊಳ್ಳುವ ಹಿರಿಯರು ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳುವುದು ಒಳ್ಳೆಯದು. ಮಂಡಿಯ ಹಿಂದೆ ಕೆಲವರಿಗೆ ಸಹಜವಾಗಿಯೇ ಫ್ಯಾಬೆಲಾ ಎಂಬ ಪುಟ್ಟ ಮೂಳೆಯಿರುತ್ತದೆ. ಅದನ್ನೇ ಕಳಚಿದ ಚೂರೆಂದು ಭ್ರಮಿಸಿ ಹೆದರುವವರೂ ಇದ್ದಾರೆ.

ಈಗ ಮೂರನೆಯ ವಿಷಯಕ್ಕೆ ಬರೋಣ. ತೆಗೆಯುವುದರಿಂದ ಕುಳಿ ಉಳಿಯುತ್ತದೆ ಎಂದಾದರೆ, ಬಿದ್ದ ಚೂರನ್ನು ಅಲ್ಲೇ ಮರಳಿ ಕೂರಿಸಬಾರದೇಕೆ?

ಕೂರಿಸಬಹುದು. ಸ್ಕಾಟ್ಲೆಂಡಿನ ಡಂಡಿಯ ಸ್ಮಿಲಿ 1957ರಲ್ಲೇ ಲೋಹದ ಚಿಕ್ಕ ಮೊಳೆಗಳಿಂದ ಇದನ್ನು ಮಾಡಿದ್ದರು. ಆಸ್ಟ್ರೇಲಿಯಾದ ಟಿಮೊತಿ ಹರ್ಬರ್ಟ್ ಮಣಿಕಟ್ಟಿನ ಮೂಳೆಗೆಂದು ರೂಪಿಸಿದ ತಲೆಯಿಲ್ಲದ ಸ್ಕ್ರೂ ಆಮೇಲೆ ಮಂಡಿಗೂ ಬಂತು. ಮೃದ್ವಸ್ಥಿಯ ಮೇಲ್ಮೈಗಿಂತ ಕೆಳಗೆ ಅದು ಹೂತುಹೋಗುವುದರಿಂದ ಎದುರಿನ ಮೂಳೆಯನ್ನು ಕೊರೆಯುವುದಿಲ್ಲ. ಈಗ ದೇಹದಲ್ಲೇ ಕರಗುವ ಕಡ್ಡಿಗಳೂ ಬಂದಿವೆ. ಕೆಲಸ ಮಾತ್ರ ನಾಜೂಕಿನದು. ಕುಳಿಯ ತಳದಲ್ಲಿ ಬೆಳೆದ ನಾರನ್ನು ಕೆರೆದು, ಆರೋಗ್ಯದ ಮೂಳೆಯಲ್ಲಿ ಸಣ್ಣ ತೂತು ಕೊರೆದು ರಕ್ತ ಜಿನುಗುವಂತೆ ಮಾಡಬೇಕು. ಬೇಕಾದರೆ ರೋಗಿಯದೇ ಮೂಳೆಯ ತರಿಯನ್ನು ತಳಕ್ಕೆ ತುಂಬಬೇಕು. ಉಬ್ಬಿದ ಚೂರಿನ ಅಂಚನ್ನು ಅಳತೆಗೆ ತಕ್ಕಂತೆ ಹೆರೆಯಬೇಕು. ಮೇಲ್ಮೈ ಒಂದು ಮಿ.ಮೀ. ಎದ್ದರೂ ಮುಂದೆ ಉಜ್ಜುತ್ತದೆ. ಆಮೇಲೆ ಸಾಮಾನ್ಯವಾಗಿ ಆರು ವಾರ ಆ ಕಾಲಿಗೆ ಪೂರ್ತಿ ಭಾರ ಹಾಕುವಂತಿಲ್ಲ. ಲೋಹದ ಸ್ಕ್ರೂ ಆದರೆ ತೆಗೆಯಲು ಇನ್ನೊಂದು ಶಸ್ತ್ರಚಿಕಿತ್ಸೆ.

ಇಷ್ಟೆಲ್ಲ ಮಾಡಿದ ಚೂರು ಹತ್ತಿಕೊಳ್ಳುತ್ತದೆಯೇ? ಅಮೆರಿಕದ ಮ್ಯಾಗ್ನುಸೆನ್, ಕ್ಯಾರಿ ಮತ್ತು ಸ್ಪಿಂಡ್ಲರ್ 2009ರಲ್ಲಿ ಇದಕ್ಕೆ ನೇರ ಉತ್ತರ ಹುಡುಕಿದರು. ಚೂರು ಪೂರ್ತಿ ಕಳಚಿ ಬಿದ್ದಿದ್ದ 12 ರೋಗಿಗಳಲ್ಲಿ ಅದನ್ನು ಸ್ಕ್ರೂ ಹಾಕಿ ಮರಳಿ ಕೂರಿಸಲಾಗಿತ್ತು. ಎರಡನೆಯ ಸಲ ಕ್ಯಾಮೆರಾ ಹಾಕಿ ನೋಡಿದಾಗ 12ರಲ್ಲಿ 11 ಚೂರುಗಳು ಹತ್ತಿಕೊಂಡಿದ್ದವು. ಇದು ನಿಜಕ್ಕೂ ದೊಡ್ಡ ಸಂತೋಷದ ಸುದ್ದಿ. ಸರಾಸರಿ 9 ವರ್ಷಗಳ ನಂತರ ಅವರನ್ನೇ ಮಾತನಾಡಿಸಿದರೆ, ದಿನನಿತ್ಯದ ಓಡಾಟಕ್ಕೆ ತೊಂದರೆ ಹೆಚ್ಚಿರಲಿಲ್ಲ. ಆದರೆ ಆಟ, ಓಟ ಮತ್ತು ಮಂಡಿಯ ಬಗೆಗಿನ ನೆಮ್ಮದಿಯ ಅಂಕಗಳು ಕಡಿಮೆಯೇ ಇದ್ದವು. ಚೂರು ಕೂಡಿದ ಮಾತ್ರಕ್ಕೆ ಮಂಡಿ ಮೊದಲಿನಂತಾಗಿಬಿಡಲಿಲ್ಲ. ಹನ್ನೆರಡು ಜನರ ಅಧ್ಯಯನದಿಂದ ಬಹಳ ದೂರದ ಮಾತು ಆಡಬಾರದು, ಸರಿ. ಆದರೂ ಬಿದ್ದ ಚೂರು ಸತ್ತ ಕಸ, ಬಿಸಾಡಬೇಕಾದ್ದು ಎಂಬ ನಂಬಿಕೆಯನ್ನು ಅದು ಅಲುಗಿಸಿತು. ಭಾರ ಹೊರುವ ಜಾಗದಿಂದ ಬಿದ್ದ, ಮೂಳೆಯ ಪದರ ಇನ್ನೂ ಅಂಟಿಕೊಂಡಿರುವ, ಒಡೆಯದ ದೊಡ್ಡ ಚೂರನ್ನು ಪರಿಶೀಲಿಸದೆ ಹೊರಹಾಕುವುದು ಇವತ್ತಿನ ತಿಳಿವಳಿಕೆಗೆ ಒಪ್ಪುವಂಥದ್ದಲ್ಲ.

ಮರಳಿ ಕೂರಿಸಲಾಗದಷ್ಟು ಚೂರು ಪುಡಿಯಾಗಿದ್ದರೆ, ಅಥವಾ ವರ್ಷಗಟ್ಟಲೆ ತೇಲಾಡಿ ಆಕಾರ ಕಳೆದುಕೊಂಡಿದ್ದರೆ, ಕುಳಿಯನ್ನು ತುಂಬುವ ದಾರಿಗಳಿವೆ. ಕೊಲರಾಡೊದ ರಿಚರ್ಡ್ ಸ್ಟೆಡ್‌ಮನ್ ಕುಳಿಯ ತಳದಲ್ಲಿ ಸಣ್ಣ ತೂತುಗಳನ್ನು ಮಾಡಿ, ಮಜ್ಜೆಯಿಂದ ರಕ್ತ ಉಕ್ಕಿ ಹೆಪ್ಪುಗಟ್ಟುವಂತೆ ಮಾಡಿದರು. ಅಗ್ಗದ, ಸರಳ ವಿಧಾನ. ಆದರೆ ಅಲ್ಲಿ ಬೆಳೆಯುವುದು ನಾರು ಬೆರೆತ ಮೃದ್ವಸ್ಥಿ, ಅಸಲಿನಷ್ಟು ಬಾಳಿಕೆಯದಲ್ಲ. ಬುಡಾಪೆಸ್ಟಿನ ಲಾಸ್ಲೊ ಹಂಗೋಡಿ ಮಂಡಿಯಲ್ಲೇ ಭಾರ ಬೀಳದ ಅಂಚಿನಿಂದ ಮೂಳೆ-ಮೃದ್ವಸ್ಥಿಯ ಚಿಕ್ಕ ಬೆಣೆಗಳನ್ನು ಕಿತ್ತು ಕುಳಿಯಲ್ಲಿ ಸಾಲಾಗಿ ನೆಟ್ಟರು. ಲಿಥುವೇನಿಯಾದ ಕೌನಾಸ್‌ನಲ್ಲಿ ಗುಡಾಸ್ ಮತ್ತು ಸಂಗಡಿಗರು ಓಸಿಡಿ ಇದ್ದ ಮಕ್ಕಳಲ್ಲಿ ಈ ಎರಡನ್ನೂ ಹೋಲಿಸಿದರು. ಸುಮಾರು ನಾಲ್ಕು ವರ್ಷಗಳ ಕೊನೆಗೆ ಬೆಣೆ ನೆಡಿಸಿಕೊಂಡವರಲ್ಲಿ 83 ಶೇಕಡಾ, ತೂತು ಮಾಡಿಸಿಕೊಂಡವರಲ್ಲಿ 63 ಶೇಕಡಾ ಮಂಡಿಗಳು ಚೆನ್ನಾಗಿದ್ದವು. ಮೊದಲ ವರ್ಷದಲ್ಲಿ ಇಷ್ಟು ಅಂತರ ಇರಲಿಲ್ಲ, ಅದು ಕಾಲ ಕಳೆದಂತೆ ತೆರೆದುಕೊಂಡಿತು.

ಹೆಚ್ಚು ಸದ್ದು ಮಾಡಿದ್ದು ಸ್ವೀಡನ್ನಿನ ಗೋಥೆನ್‌ಬರ್ಗ್. ಅಲ್ಲಿ ಲಾರ್ಸ್ ಪೀಟರ್ಸನ್, ಮ್ಯಾಟ್ಸ್ ಬ್ರಿಟ್‌ಬರ್ಗ್ ಮತ್ತು ಸಂಗಡಿಗರು ರೋಗಿಯ ಮಂಡಿಯಿಂದಲೇ ಮೃದ್ವಸ್ಥಿಯ ಕೋಶಗಳನ್ನು ತೆಗೆದು, ಪ್ರಯೋಗಾಲಯದಲ್ಲಿ ಹಲವು ಪಟ್ಟು ಬೆಳೆಸಿ, ವಾರಗಳ ಬಳಿಕ ಎರಡನೆಯ ಶಸ್ತ್ರಚಿಕಿತ್ಸೆಯಲ್ಲಿ ಕುಳಿಗೆ ತುಂಬಿದರು. 23 ರೋಗಿಗಳ ಮೊದಲ ವರದಿ 1994ರಲ್ಲಿ ಬಂತು. 2003ರಲ್ಲಿ ಪೀಟರ್ಸನ್ ಓಸಿಡಿಯ 58 ರೋಗಿಗಳನ್ನೇ ಪ್ರತ್ಯೇಕವಾಗಿ 2ರಿಂದ 10 ವರ್ಷ ಹಿಂಬಾಲಿಸಿ, 90 ಶೇಕಡಾಕ್ಕೂ ಹೆಚ್ಚು ಮಂದಿಯಲ್ಲಿ ಒಳ್ಳೆಯ ಫಲಿತಾಂಶ ಕಂಡರು. ಆದರೆ ಅವೆಲ್ಲ ಆ ವಿಧಾನ ಕಂಡುಹಿಡಿದವರದೇ ಕೈಯ ಫಲಿತಾಂಶಗಳು, ಹೋಲಿಕೆಗೆ ಇನ್ನೊಂದು ಗುಂಪಿಲ್ಲ. ನಾರ್ವೆಯ ಕ್ನುಟ್ಸೆನ್ ಮತ್ತು ಸಂಗಡಿಗರು ಮೃದ್ವಸ್ಥಿಯ ಕುಳಿಯಿದ್ದ 80 ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದಕ್ಕೆ ಕೋಶ ಕಸಿ, ಇನ್ನೊಂದಕ್ಕೆ ಸ್ಟೆಡ್‌ಮನ್ನರ ಅಗ್ಗದ ವಿಧಾನ ಮಾಡಿದರು. ಸುಮಾರು 15 ವರ್ಷಗಳ ನಂತರವೂ ಒಂದು ಇನ್ನೊಂದಕ್ಕಿಂತ ಮೇಲೆಂದು ಸಾಬೀತಾಗಲಿಲ್ಲ. ಕಸಿಯವರಲ್ಲಿ 17, ಇನ್ನೊಂದರಲ್ಲಿ 13 ವಿಫಲವಾದವು. ವಿಫಲವಾಗದ ಮಂಡಿಗಳಲ್ಲೂ ಹತ್ತಿರ ಹತ್ತಿರ ಅರ್ಧದಷ್ಟರಲ್ಲಿ ಸವೆತದ ಮೊದಲ ಗುರುತು ಎಕ್ಸ್‌ರೇಯಲ್ಲಿ ಮೂಡಿತ್ತು. ದುಬಾರಿ ಚಿಕಿತ್ಸೆಯೇ ಶಾಶ್ವತ ಎಂದು ಭರವಸೆ ಕೊಡುವವರು ಈ ನಾರ್ವೆಯ ಅಂಕಿಗಳನ್ನೂ ರೋಗಿಯ ಮುಂದಿಡಬೇಕು.

ಕೊನೆಯ ಭಾಗ, ನಮ್ಮ ಮಂಡಿಗಳು.

ಇಲ್ಲಿಯವರೆಗೆ ಹೇಳಿದ ಅಧ್ಯಯನಗಳೆಲ್ಲ ಮಾಲ್ಮೊ, ಇಂಗ್ಲೆಂಡ್, ಮಿನೆಸೋಟ, ಕೌನಾಸ್, ನಾರ್ವೆ ಮುಂತಾದ ಕಡೆಗಳಿಂದ ಬಂದವು. ಅಲ್ಲಿನ ವೈದ್ಯರು ಬಳಸುವ ಪ್ರಶ್ನಾವಳಿಗಳು ಮೆಟ್ಟಿಲು ಹತ್ತುವುದನ್ನು, ಕಾರಿನಿಂದ ಇಳಿಯುವುದನ್ನು, ಓಡುವುದನ್ನು, ಕುಕ್ಕರಗಾಲಲ್ಲಿ ಕೂರುವುದನ್ನು ಕೇಳುತ್ತವೆ. ಸ್ವೀಡನ್ನಿನಲ್ಲಿ ಹುಟ್ಟಿ ಈಗ ಜಗತ್ತಿನೆಲ್ಲೆಡೆ ಬಳಕೆಯಲ್ಲಿರುವ ಕೂಸ್ ಪ್ರಶ್ನಾವಳಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂರುವ ಪ್ರಶ್ನೆ ಇಲ್ಲ. ಅಲ್ಲಿ ಕುಕ್ಕರಗಾಲಲ್ಲಿ ಕೂರುವುದು ಆಟೋಟದ ವಿಭಾಗಕ್ಕೆ ಸೇರಿದೆ. ಇಲ್ಲಿ ಅದು ಬೆಳಗಿನ ಶೌಚದ ವಿಷಯ. ದಕ್ಷಿಣ ಕನ್ನಡದಲ್ಲಿ ದಿನವಿಡೀ ನೆಲದಲ್ಲಿ ಕೂತು ಬೀಡಿ ಕಟ್ಟುವ ಹೆಂಗಸು, ಪಂಕ್ತಿಯಲ್ಲಿ ಎಲೆ ಮುಂದೆ ಕೂರುವ ಅಜ್ಜ, ನಮಾಜಿಗೆ ಮಂಡಿಯೂರುವವರು, ಬಡಗುತಿಟ್ಟಿನ ರಂಗಸ್ಥಳದಲ್ಲಿ ಮಂಡಿ ಹಾಕಿ ಸುತ್ತುವ ಯಕ್ಷಗಾನ ಕಲಾವಿದ, ಕಬಡ್ಡಿ ಅಂಕಣದಲ್ಲಿ ರೇಡರ್‌ನ ಕಾಲಿಗೆ ಎರಗುವ ಹುಡುಗಿ, ಇವರೆಲ್ಲರ ಮಂಡಿ ಪೂರ್ತಿ ಮಡಚಲೇಬೇಕು. ಆಳವಾಗಿ ಮಡಚಿದಾಗ ಉಬ್ಬಿನ ಹಿಂಭಾಗದ ಮೇಲೆ ಒತ್ತಡ ಬೀಳುತ್ತದೆ. ಆ ಭಾಗದಲ್ಲಿ ಕುಳಿಯಿರುವ ಮನುಷ್ಯ ಸ್ವೀಡನ್ನಿನ ಕುರ್ಚಿಯಲ್ಲಿ ಆರಾಮವಾಗಿದ್ದು, ನಮ್ಮ ಮನೆಯ ಚಾಪೆಯ ಮೇಲೆ ನರಳಬಹುದು. ವಿದೇಶದ ಅಂಕಪಟ್ಟಿಯಲ್ಲಿ 'ಉತ್ತಮ' ಎಂದು ಬಂದ ಫಲಿತಾಂಶವನ್ನು ನಾವು ಹಾಗೇ ಒಪ್ಪಿಕೊಳ್ಳಬೇಕಿಲ್ಲ.

ಈ ಕೊರತೆಯನ್ನು ತುಂಬಬೇಕಾದವರು ಇಲ್ಲಿಯ ವೈದ್ಯಕೀಯ ಕಾಲೇಜುಗಳೇ. ಓಮ್‌ಸ್ಟೆಡ್ ಕೌಂಟಿಯ ಅಧ್ಯಯನ ಸಾಧ್ಯವಾದದ್ದು ಯಂತ್ರಗಳಿಂದಲ್ಲ, ಕಾಗದದಿಂದ. ಮೇಯೊ ಕ್ಲಿನಿಕ್ಕಿನ ಹೆನ್ರಿ ಪ್ಲಮರ್ 1907ರಲ್ಲಿ ಪ್ರತಿ ರೋಗಿಗೂ ಒಂದೇ ಸಂಖ್ಯೆ, ಒಂದೇ ಕಡತ ಎಂಬ ಪದ್ಧತಿ ತಂದರು. 1966ರಲ್ಲಿ ಲೆನಾರ್ಡ್ ಕರ್ಲೆಂಡ್ ಆ ಪ್ರದೇಶದ ಬೇರೆ ಬೇರೆ ಚಿಕಿತ್ಸಾಲಯಗಳ ಕಡತಗಳನ್ನು ಒಂದಕ್ಕೊಂದು ಜೋಡಿಸುವ ಯೋಜನೆ ಕಟ್ಟಿದರು. ಅರ್ಧ ಶತಮಾನದ ನಂತರ ಒಬ್ಬ ಯುವ ವೈದ್ಯ ಕುಳಿತು ಯಾರ ಮಂಡಿ ಸವೆಯಿತು, ಯಾರದ್ದು ಸವೆಯಲಿಲ್ಲ ಎಂದು ಎಣಿಸಲು ಆದದ್ದು ಅದರಿಂದ. ನಮ್ಮಲ್ಲಿ ಹುಡುಗ ಊರಿನಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ಬೆಂಗಳೂರಿನಲ್ಲಿ ಓದಿ, ಪುಣೆಯಲ್ಲೋ ದುಬೈಯಲ್ಲೋ ಕೆಲಸ ಮಾಡಿ, ನಲವತ್ತೈದರಲ್ಲಿ ಮಂಡಿ ನೋವೆಂದು ಬಂದಾಗ, ಮೂವತ್ತು ವರ್ಷದ ಹಿಂದೆ ಒಳಗೆ ಏನು ಮಾಡಿದರೆಂದು ಹೇಳುವ ಒಂದು ಹಾಳೆಯೂ ಅವನ ಕೈಯಲ್ಲಿರುವುದಿಲ್ಲ. ಈ ಸಭೆಯಲ್ಲಿರುವ ಶಿಕ್ಷಕ ವೈದ್ಯರು ಕನಿಷ್ಠ ತಮ್ಮ ವಿಭಾಗದ ಓಸಿಡಿ ರೋಗಿಗಳ ಪಟ್ಟಿಯೊಂದನ್ನು ಇಂದೇ ಆರಂಭಿಸಬಹುದು. ಸ್ನಾತಕೋತ್ತರ ವಿದ್ಯಾರ್ಥಿಗಳ ಪ್ರಬಂಧಗಳು ಎರಡು ವರ್ಷಕ್ಕೆ ಮುಗಿದುಹೋಗುತ್ತವೆ, ಆದರೆ ಪಟ್ಟಿ ಕೈಯಿಂದ ಕೈಗೆ ದಾಟಿ ಬದುಕಬಲ್ಲದು.

ರೋಗಿಗಳೂ ಅವರ ಮನೆಯವರೂ ಮಾಡಬೇಕಾದದ್ದಿದೆ. ಶಸ್ತ್ರಚಿಕಿತ್ಸೆಗೆ ಮೊದಲು ಕೇಳಿ: ಚೂರು ಎಲ್ಲಿಂದ ಬಿದ್ದಿದೆ, ಅದರಲ್ಲಿ ಮೂಳೆ ಇದೆಯೇ, ಮರಳಿ ಕೂರಿಸುವ ಹಾಗಿದೆಯೇ, ಇಲ್ಲವಾದರೆ ಕುಳಿಗೆ ಏನು ಮಾಡುತ್ತೀರಿ? ಎಂ.ಆರ್.ಐ. ನೋಡಿಯೂ ಈ ಪ್ರಶ್ನೆಗಳಿಗೆ ಪೂರ್ತಿ ಉತ್ತರ ಸಿಗದೆ ಇರಬಹುದು. ಕ್ಯಾಮೆರಾ ಒಳಗೆ ಹೋದ ಮೇಲೆ ವೈದ್ಯರು ನಿರ್ಧರಿಸಬೇಕಾಗಬಹುದು. ಹಾಗಾಗಿ ಸ್ಕ್ರೂ ಹಾಕುವ ಸಿದ್ಧತೆ ಮೊದಲೇ ಇರಲಿ, ಆ ಸಾಧ್ಯತೆಗೂ ಸೇರಿಸಿ ಒಪ್ಪಿಗೆಯ ಸಹಿ ಆಗಿರಲಿ. ಮುಗಿದ ಮೇಲೆ ಆಪರೇಷನ್ ವರದಿಯ ಪ್ರತಿ, ಕುಳಿಯ ಅಳತೆ ಮತ್ತು ಜಾಗದ ವಿವರ, ಕ್ಯಾಮೆರಾದ ಚಿತ್ರಗಳು, ಹಾಕಿದ ಸ್ಕ್ರೂವಿನ ಸ್ಟಿಕ್ಕರ್, ಇವನ್ನು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಜೊತೆಗೇ ಅದೇ ಕಡತದಲ್ಲಿ ಇಡಿ. ಚೂರು ತೆಗೆದುಹಾಕಿದ ಮಂಡಿಯವರು ನೋವಿಲ್ಲದಿದ್ದರೂ ಕೆಲವು ವರ್ಷಗಳಿಗೊಮ್ಮೆ, ಮಲಗಿ ಅಲ್ಲ, ಎರಡೂ ಕಾಲ ಮೇಲೆ ನಿಂತು ಒಂದು ಎಕ್ಸ್‌ರೇ ತೆಗೆಸಿಕೊಳ್ಳಲಿ. ನಿಂತಾಗ ಮಾತ್ರ ಎರಡು ಮೂಳೆಗಳ ನಡುವಿನ ಅಂತರ ಕಿರಿದಾಗುತ್ತಿರುವುದು ಸರಿಯಾಗಿ ಕಾಣುತ್ತದೆ. ಮತ್ತೆ ಊತ ಬರತೊಡಗಿದರೆ, ಹಿಡಿತ ಮರುಕಳಿಸಿದರೆ, ನಲವತ್ತು ದಾಟುವವರೆಗೆ ಕಾಯದೆ ಅದೇ ಕಡತ ಹಿಡಿದು ವೈದ್ಯರ ಬಳಿ ಹೋಗಬೇಕು. ಕುಳಿ ಚಿಕ್ಕದಿರುವಾಗ, ಎದುರು ಮೂಳೆಯ ಮೃದ್ವಸ್ಥಿ ಇನ್ನೂ ಕೆಡದೆ ಇರುವಾಗ ತುಂಬಿಸುವುದಕ್ಕೂ, ಇಡೀ ಕೀಲು ಸವೆದ ಮೇಲೆ ಹೋಗುವುದಕ್ಕೂ ಚಿಕಿತ್ಸೆಯ ಆಯ್ಕೆಗಳಲ್ಲಿ ಬಹಳ ವ್ಯತ್ಯಾಸವಿದೆ.